ಬಳ್ಳಾರಿ ಬಿಸಿಲಿಗೆ ಒಗ್ಗಿದ ಹೆಲ್ಮೆಟ್: ನನ್ನ ಅನುಭವ

ಏಪ್ರಿಲ್, ಮೇ ತಿಂಗಳಲ್ಲಿ ಬಳ್ಳಾರಿ, ಕುಡಿತಿನಿ, ತೋರಣಗಲ್ಲು ಕಡೆಯ ಕಟ್ಟಡದ ಸೈಟುಗಳಲ್ಲಿ ಗೌಂಡಿಗಳಾಗಲಿ ಸೆಂಟ್ರಿಂಗ್ ಕೆಲಸದವರಾಗಲಿ ದಿನವಿಡೀ ಹೆಲ್ಮೆಟ್ ಧರಿಸಿ ದುಡಿಯಲಾರರು, ಎಷ್ಟೇ ಒಳ್ಳೆಯದನ್ನು ಕೊಡಿಸಿದರೂ ತಪಾಸಣೆಯವರು ಗೇಟು ದಾಟಿದ ಕೂಡಲೇ ಅದು ಸಿಮೆಂಟ್ ಚೀಲದ ಮೇಲೆ ಹೋಗಿ ಕೂಡುತ್ತದೆ ಎಂಬುದು ನಮ್ಮ ಗುತ್ತಿಗೆದಾರರಲ್ಲಿ ಬಹಳ ಕಾಲದಿಂದ ನಡೆದುಬಂದ ಮಾತು. ನಾನು ಅದನ್ನು ಒಪ್ಪಲಿಲ್ಲ. ಕಳೆದ ಎರಡು ಬೇಸಿಗೆಗಳಲ್ಲಿ ನನ್ನ ಕೈಕೆಳಗಿನ ಸುಮಾರು ಅರವತ್ತು ಜನ ಊಟದ ಬಿಡುವನ್ನು ಬಿಟ್ಟರೆ ಹೆಲ್ಮೆಟ್ ತೆಗೆಯದೆ ಕೆಲಸ ಮಾಡಿದ್ದಾರೆ. ಆಗದು ಎಂದವರಲ್ಲಿ ಇಬ್ಬರು ಈಗ ನಾನು ತರಿಸುವ ಮಾಲನ್ನೇ ತರಿಸುತ್ತಿದ್ದಾರೆ. ನನಗೆ ತಿಳಿದುಬಂದದ್ದು ಇಷ್ಟು: ಹೆಲ್ಮೆಟ್ಟನ್ನು ಮೇಲಿನ ಚಿಪ್ಪು ನೋಡಿ ಕೊಳ್ಳಬಾರದು, ಒಳಗಿನ ಪಟ್ಟಿ ನೋಡಿ ಕೊಳ್ಳಬೇಕು.

ಮೊದಲು ಹಣದ ಲೆಕ್ಕ ಹೇಳುತ್ತೇನೆ, ಏಕೆಂದರೆ ನಮ್ಮವರು ಕೇಳುವುದು ಅದನ್ನೇ. ಆರಂಭದಲ್ಲಿ ನಾನು ತರಿಸುತ್ತಿದ್ದುದು ಎಲ್ಲರೂ ತರಿಸುವ ಹಳದಿ ಬಣ್ಣದ, ಪಿನ್ ಪಟ್ಟಿಯ (ಒಳಪಟ್ಟಿಯ ಗೂಟವನ್ನು ತೂತಿಗೆ ಸಿಕ್ಕಿಸಿ ಅಳತೆ ಹೊಂದಿಸುವ) ಮಾಲು. ಒಂದಕ್ಕೆ ಎಪ್ಪತ್ತರಿಂದ ತೊಂಬತ್ತು ರೂಪಾಯಿ ಬೀಳುತ್ತಿತ್ತು. ಅಗ್ಗವೆನಿಸಿದರೂ ಅದರ ಪ್ಲಾಸ್ಟಿಕ್ ಗೂಟಗಳು ತಿಂಗಳೊಪ್ಪತ್ತಿನಲ್ಲಿ ಮುರಿಯುತ್ತಿದ್ದವು, ಮುರಿದದ್ದನ್ನು ಕೂಲಿಯವರು ಬೈಂಡಿಂಗ್ ತಂತಿಯಿಂದ ಕಟ್ಟಿಕೊಳ್ಳುತ್ತಿದ್ದರು, ತಂತಿಯ ತುದಿ ಹಣೆಗೆ ಚುಚ್ಚತೊಡಗಿದ ಮೇಲೆ ಹೆಲ್ಮೆಟ್ ಮೂಲೆ ಸೇರುತ್ತಿತ್ತು. ಒಂದು ದೊಡ್ಡ ಕಾರ್ಖಾನೆಯ ವಿಸ್ತರಣೆ ಕೆಲಸದಲ್ಲಿ ನಾವು ಉಪಗುತ್ತಿಗೆಯಲ್ಲಿದ್ದಾಗ, ಬರಿತಲೆಯಲ್ಲಿ ಸಿಕ್ಕ ಪ್ರತಿಯೊಬ್ಬನಿಗೂ ಐನೂರು ರೂಪಾಯಿಯಂತೆ ಮುಖ್ಯ ಗುತ್ತಿಗೆದಾರರು ನಮ್ಮ ಬಿಲ್ಲಿನಲ್ಲಿ ಮುರಿದುಕೊಳ್ಳುತ್ತಿದ್ದರು. ಆ ಒಂದು ಬೇಸಿಗೆಯಲ್ಲಿ ಹೀಗೆ ಹೋದದ್ದು ಮೂವತ್ತು ಸಾವಿರಕ್ಕೆ ಕಡಿಮೆಯಿಲ್ಲ. ಅಷ್ಟು ಹಣದಲ್ಲಿ ಇಡೀ ಗ್ಯಾಂಗಿಗೆ ಒಳ್ಳೆಯ ದರ್ಜೆಯ ಹೆಲ್ಮೆಟ್ಟುಗಳನ್ನು ಎರಡೆರಡು ಸಲ ಕೊಡಿಸಬಹುದಿತ್ತು. ಕಾನೂನಿನ ಪ್ರಕಾರ ಹೆಲ್ಮೆಟ್ ಒದಗಿಸುವುದು ಕೆಲಸ ಕೊಟ್ಟವನ ಹೊಣೆಯಾದ್ದರಿಂದ ಅದನ್ನು ಕೂಲಿಯಲ್ಲಿ ಮುರಿಯುವ ವಿಚಾರವನ್ನು ನಾನು ಎಂದೂ ಮಾಡಿಲ್ಲ, ಮಾಡುವವರನ್ನು ಒಪ್ಪುವುದೂ ಇಲ್ಲ.

ಹೆಲ್ಮೆಟ್ ಏಕೆ ತೆಗೆಯುತ್ತೀರಿ ಎಂದು ಕೇಳಿದರೆ ಎಲ್ಲರ ಉತ್ತರವೂ ಸೆಕೆ ಎಂದೇ ಇರುತ್ತಿತ್ತು. ಕುಷ್ಟಗಿ ಕಡೆಯ ಹಿರಿಯ ಗೌಂಡಿಯೊಬ್ಬರು, "ತಲಿ ಮ್ಯಾಗ ಒಲಿ ಇಟ್ಟಂಗ ಆಗತೈತ್ರೀ ಸಾವ್ಕಾರ್ರ" ಎಂದಿದ್ದರು. ಆದರೆ ಅವರು ತೆಗೆದಿಟ್ಟ ಹೆಲ್ಮೆಟ್ಟನ್ನು ತಿರುವಿ ನೋಡಿದಾಗ ನನಗೆ ಕಂಡದ್ದು ಬೇರೆ. ಪಟ್ಟಿ ಸಡಿಲವಾಗಿ ಜಾರುತ್ತದೆಂದು ಅವರು ಟವೆಲ್ಲನ್ನು ನಾಲ್ಕು ಮಡಿಕೆ ಮಾಡಿ ಒಳಗೆ ತುಂಬಿದ್ದರು. ಪಟ್ಟಿಗೂ ಚಿಪ್ಪಿಗೂ ನಡುವೆ ಇರಬೇಕಾದ ಒಂದು, ಒಂದೂವರೆ ಇಂಚಿನ ಖಾಲಿ ಜಾಗ ಪೂರ್ತಿ ಮುಚ್ಚಿಹೋಗಿತ್ತು. ಮೇಲಿನಿಂದ ಬಿದ್ದದ್ದರ ಪೆಟ್ಟನ್ನು ತಡೆಯುವುದು ಆ ಜಾಗವೇ, ಗಾಳಿ ಆಡುವುದೂ ಅಲ್ಲಿಯೇ. ಇನ್ನು ಕೆಲವರ ಹೆಲ್ಮೆಟ್ಟಿನಲ್ಲಿ ಬೀಡಿ ಕಟ್ಟು, ತಂಬಾಕಿನ ಚೀಟಿ, ಒಬ್ಬ ಹುಡುಗನದರಲ್ಲಿ ಮೊಬೈಲ್ ಸಹ ಇತ್ತು. ಹಾಗಾಗಿ ಸೆಕೆಯ ಪ್ರಶ್ನೆಗಿಂತ ಮೊದಲು ಅಳತೆಯ ಪ್ರಶ್ನೆಯನ್ನು ಬಗೆಹರಿಸಬೇಕೆಂದು ತೀರ್ಮಾನಿಸಿದೆ.

ದರ್ಜಿಯ ಟೇಪು ತರಿಸಿ ಎಲ್ಲರ ತಲೆಯ ಸುತ್ತಳತೆ ತೆಗೆದೆವು. ಹುಬ್ಬಿನ ಮೇಲಿನಿಂದ ಹಿಂದಲೆಯ ಉಬ್ಬನ್ನು ಸುತ್ತಿ ಅಳೆದರೆ ನಮ್ಮ ಜನರದು 51 ಸೆಂಟಿಮೀಟರಿನಿಂದ 60ರವರೆಗೆ ಹರಡಿತ್ತು. ಪಿನ್ ಪಟ್ಟಿಯಲ್ಲಿ ಒಂದು ತೂತಿಗೂ ಇನ್ನೊಂದಕ್ಕೂ ಇರುವ ಅಂತರವೇ ಹೆಚ್ಚು. ಒಂದರಲ್ಲಿ ಬಿಗಿಯಾದರೆ ಮುಂದಿನದರಲ್ಲಿ ಜಾರುತ್ತದೆ. ಹಿಂದೆ ತಿರುಗಿಸುವ ಗುಂಡಿಯಿರುವ ರಾಚೆಟ್ ಮಾದರಿಯಲ್ಲಿ ಈ ತೊಂದರೆಯಿಲ್ಲ. ಬೆಳಿಗ್ಗೆ ಬಿಗಿ ಮಾಡಿ, ಬೆವರು ಹೆಚ್ಚಿದಾಗ ಒಂದು ಹಲ್ಲು ಸಡಿಲಿಸಿ, ಸಾರುವೆ ಹತ್ತುವಾಗ ಮತ್ತೆ ಬಿಗಿ ಮಾಡಿಕೊಳ್ಳುವುದು ಒಂದೇ ಕೈಯಲ್ಲಿ ಆಗುತ್ತದೆ. ಬಲೆಯಂತಿರುವ ನೆತ್ತಿಯ ಪಟ್ಟಿಗಳು ನಾಲ್ಕು ಕಡೆ ಕಟ್ಟಿದ್ದಕ್ಕಿಂತ ಆರು ಕಡೆ ಕಟ್ಟಿದ್ದು ಒಳ್ಳೆಯದು, ಏಕೆಂದರೆ ಭಾರ ಹಂಚಿಹೋಗಿ ಸಂಜೆ ನೆತ್ತಿ ನೋಯುವುದಿಲ್ಲ. ಪಟ್ಟಿಯನ್ನು ಚಿಪ್ಪಿನೊಳಗೆ ಮೇಲೆ ಕೆಳಗೆ ಮಾಡುವ ಸೌಲಭ್ಯವಿದೆಯೇ ಎಂಬುದನ್ನು ನಮ್ಮಲ್ಲಿ ಹೆಚ್ಚಿನವರು ಗಮನಿಸುವುದೇ ಇಲ್ಲ; ಸಣ್ಣ ಮುಖದವರಿಗೆ ಅದು ಬಹಳ ಮುಖ್ಯ.

ಮೊದಲ ರಾಚೆಟ್ ಲಾಟು ಸೋತಿತು. ಹೊರ ಜಿಲ್ಲೆಯ ಒಬ್ಬ ವ್ಯಾಪಾರಿಯಿಂದ ನೂರಾ ಮೂವತ್ತರ ದರದಲ್ಲಿ ತರಿಸಿದ್ದ ಆ ಮಾಲಿನ ಗುಂಡಿಗಳು ಕೆಂಪು ಧೂಳಿಗೆ ಎರಡು ವಾರ ತಡೆಯಲಿಲ್ಲ. ಸಂಡೂರು, ತೋರಣಗಲ್ಲು ಸೀಮೆಯ ಅದಿರಿನ ಧೂಳು ಎಷ್ಟು ನುಣುಪು ಎಂಬುದು ಇಲ್ಲಿ ಕೆಲಸ ಮಾಡಿದವರಿಗೆ ಗೊತ್ತೇ ಇದೆ. ಅದು ಹಲ್ಲುಗಳ ನಡುವೆ ಸೇರಿ ಬೆವರಿನೊಂದಿಗೆ ಗಟ್ಟಿಯಾಗಿ, ಬಲವಂತದಿಂದ ತಿರುಗಿಸಿದಾಗ ಹಲ್ಲು ಸವೆದುಹೋಗುತ್ತಿತ್ತು. ಅದೇ ಲಾಟಿನ ಐಎಸ್‌ಐ ಗುರುತನ್ನು ಪರೀಕ್ಷಿಸಿದಾಗ ಇನ್ನೊಂದು ವಿಷಯ ಹೊರಬಿತ್ತು. ಗುರುತಿನ ಮೇಲೆ ಕೆಲಸದ ಹೆಲ್ಮೆಟ್ಟಿನ ಮಾನದಂಡವಾದ ಐಎಸ್ 2925 ಎಂದೂ ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆಯೂ ಇರಬೇಕು. ಅದರಲ್ಲಿ ಗುರುತು ಮಾತ್ರ ಇತ್ತು, ಸಂಖ್ಯೆ ಇರಲಿಲ್ಲ. ಈಗ ನಾನು ಅಂಗಡಿಯಲ್ಲಿ ನಿಂತೇ, ಐಎಸ್‌ಐ ಗುರುತು ಕೊಡುವ ಸರ್ಕಾರಿ ಸಂಸ್ಥೆಯ ಬಿಐಎಸ್ ಕೇರ್ ಆ್ಯಪಿನಲ್ಲಿ ಆ ಸಂಖ್ಯೆಯನ್ನು ಹಾಕಿ, ಕಂಪನಿಯ ಹೆಸರು ತಾಳೆಯಾದ ಮೇಲೆಯೇ ದರ ಮಾತನಾಡುತ್ತೇನೆ. ಬೈಕಿನ ಹೆಲ್ಮೆಟ್ಟಿನ ಮಾನದಂಡ ಐಎಸ್ 4151. ಅದನ್ನು ಧರಿಸಿ ಸೈಟಿಗೆ ಇಳಿಯುವವರನ್ನು ನಾನು ವಾಪಸು ಕಳಿಸುತ್ತೇನೆ, ಏಕೆಂದರೆ ಅದರಲ್ಲಿ ಕಿವಿ ಮುಚ್ಚಿಹೋಗಿ ಮೇಲಿನವರ ಕೂಗು ಕೇಳಿಸುವುದಿಲ್ಲ.

ಎರಡನೆಯ ಲಾಟಿಗೆ ಒಂದಕ್ಕೆ ಇನ್ನೂರ ನಲವತ್ತರಿಂದ ಇನ್ನೂರ ಅರವತ್ತರವರೆಗೆ ಕೊಟ್ಟೆ ಎಂದು ನೆನಪು. ಗುಂಡಿ ಧೂಳಿಗೆ ನಿಲ್ಲುತ್ತದೆಯೇ ಎಂದು ತಿಳಿಯಲು ನಮೂನೆಯನ್ನು ತಂದು, ಒಣ ಅದಿರಿನ ಹುಡಿಯಲ್ಲಿ ಹೊರಳಿಸಿ, ನೀರು ಚಿಮುಕಿಸಿ, ರಾತ್ರಿ ಒಣಗಲು ಬಿಟ್ಟು ಬೆಳಿಗ್ಗೆ ತಿರುಗಿಸಿ ನೋಡುತ್ತಿದ್ದೆವು. ನಾಲ್ಕೈದು ಕಂಪನಿಗಳಲ್ಲಿ ಎರಡು ಮಾತ್ರ ಉಳಿದವು. ಆ ಎರಡರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಪರೀಕ್ಷೆಗೆ ಖರ್ಚು ಮಾಡಿದವನು ನಾನು, ನೀವೂ ಒಂದು ಹಿಡಿ ಧೂಳಿನಲ್ಲಿ ಇದನ್ನು ಕಂಡುಕೊಳ್ಳಬಹುದು.

ಬಣ್ಣದ ವಿಷಯದಲ್ಲಿ ನಾನು ಸಾಕಷ್ಟು ತಲೆ ಕೆಡಿಸಿಕೊಂಡಿದ್ದೇನೆ. ಬಿಳಿ, ಹಳದಿ, ನೀಲಿ ಹೆಲ್ಮೆಟ್ಟುಗಳನ್ನು ಮಧ್ಯಾಹ್ನದ ಬಿಸಿಲಿನಲ್ಲಿ ಸ್ಲ್ಯಾಬಿನ ಮೇಲೆ ಸಾಲಾಗಿಟ್ಟು ಒಳಗೆ ಥರ್ಮಾಮೀಟರು ಇಟ್ಟು ನೋಡಿದೆ. ಬಿಳಿಗೂ ಹಳದಿಗೂ ಎರಡು ಡಿಗ್ರಿಯ ಆಸುಪಾಸು ವ್ಯತ್ಯಾಸ, ಕಡು ನೀಲಿಯಲ್ಲಿ ಅದಕ್ಕಿಂತ ಹೆಚ್ಚು. ಧರಿಸಿದವರಿಗೆ ಬಿಳಿ, ಹಳದಿಯ ಭೇದ ತಿಳಿಯಲೇ ಇಲ್ಲ. ಎಂಜಿನಿಯರರಿಗೆ ಬಿಳಿ, ಕೂಲಿಯವರಿಗೆ ಹಳದಿ, ಎಲೆಕ್ಟ್ರಿಷಿಯನ್ನರಿಗೆ ನೀಲಿ, ಸುರಕ್ಷತಾ ವಿಭಾಗಕ್ಕೆ ಹಸಿರು ಎಂಬ ರೂಢಿ ಹೆಚ್ಚಿನ ಸೈಟುಗಳಲ್ಲಿ ಇರುವುದರಿಂದ ಅದನ್ನು ಕದಲಿಸಲು ಹೋಗದೆ ಹಳದಿಯಲ್ಲೇ ಉಳಿದೆ. ಹಳೆಯ ಹೆಲ್ಮೆಟ್ಟಿಗೆ ಬಿಳಿ ಬಣ್ಣ ಬಳಿದು ತಂಪು ಮಾಡುತ್ತೇವೆ ಎನ್ನುವವರಿಗೆ ಒಂದು ಮಾತು: ಬಣ್ಣ, ಥಿನ್ನರ್, ಪೆಟ್ರೋಲು ಪ್ಲಾಸ್ಟಿಕ್ಕನ್ನು ಒಳಗಿನಿಂದಲೇ ಬಲಗುಂದಿಸುತ್ತವೆ. ತೊಳೆಯಲು ಸಾಬೂನಿನ ನೀರು ಸಾಕು.

ಗಾಳಿಕಿಂಡಿ ಇರುವ, ಎಬಿಎಸ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಹೆಲ್ಮೆಟ್ಟುಗಳನ್ನೂ ಕೆಲವನ್ನು ತರಿಸಿದ್ದೆ. ಒಂದಕ್ಕೆ ನಾನೂರೈವತ್ತರಿಂದ ಐನೂರು. ಕಬ್ಬಿಣದ ರಾಡು ಬಗ್ಗಿಸಿ ಕಟ್ಟುವ ಬಾರ್ ಬೆಂಡರುಗಳಿಗೆ ಅವು ಬಹಳ ಹಿಡಿಸಿದವು. ಆದರೆ ವಿದ್ಯುತ್ ತಂತಿಯ ಸಮೀಪದ ಕೆಲಸಕ್ಕೆ ಕಿಂಡಿಯ ಹೆಲ್ಮೆಟ್ ಸಲ್ಲದು. ಅಮೆರಿಕದ ಮಾನದಂಡದಲ್ಲಿ ಇಂಥವು ಸಿ ದರ್ಜೆಗೆ ಸೇರುತ್ತವೆ, ಅಂದರೆ ವಿದ್ಯುತ್ತಿನಿಂದ ಯಾವ ರಕ್ಷಣೆಯೂ ಇಲ್ಲ. ಜಿ ದರ್ಜೆಯವನ್ನು 2,200 ವೋಲ್ಟಿಗೂ ಇ ದರ್ಜೆಯವನ್ನು 20,000 ವೋಲ್ಟಿಗೂ ಪರೀಕ್ಷಿಸಿರುತ್ತಾರೆ. ಹನ್ನೆರಡು ಮೀಟರಿನ ಕಬ್ಬಿಣದ ರಾಡನ್ನು ಎತ್ತಿ ನಿಲ್ಲಿಸುವವನಿಗೆ ಮೇಲೆ ಹಾದುಹೋದ ತಂತಿ ಎಷ್ಟು ಹತ್ತಿರವೆಂಬುದು ಯಾವಾಗಲೂ ಕಾಣುವುದಿಲ್ಲ. ತಂತಿಯಿಲ್ಲದ ಸೈಟಿನಲ್ಲಿ ಮಾತ್ರ ಆ ಹೆಲ್ಮೆಟ್ಟುಗಳನ್ನು ಸ್ಟೋರಿನಿಂದ ಹೊರಗೆ ಕೊಡುತ್ತೇನೆ. ಕಿಂಡಿಯಿಲ್ಲದ ಹೆಲ್ಮೆಟ್ಟಿಗೆ ತಾವೇ ಡ್ರಿಲ್ಲಿನಿಂದ ತೂತು ಕೊರೆಯುವವರನ್ನು ನೋಡಿದ್ದೇನೆ. ಚಿಪ್ಪು ಬಿರಿಯುವುದು ಅಂಥ ತೂತಿನಿಂದಲೇ.

ಹಾಗಾದರೆ ಸೆಕೆಗೆ ಏನು ಮಾಡಿದೆ ಎಂದರೆ, ಹಣೆಯ ಬೆವರುಪಟ್ಟಿಯನ್ನು ಬದಲಿಸಿದೆ. ಹೆಲ್ಮೆಟ್ಟಿನೊಂದಿಗೆ ಬರುವ ರೆಕ್ಸಿನ್ ಪಟ್ಟಿ ಬೆವರನ್ನು ಹೀರುವುದಿಲ್ಲ, ಹಣೆಯಲ್ಲಿ ಬೊಕ್ಕೆ ಏಳಿಸುತ್ತದೆ. ನಮ್ಮೂರಿನ ದರ್ಜಿಯೊಬ್ಬರಿಂದ ಬಟ್ಟೆಯ ಪಟ್ಟಿಗಳನ್ನು ಹೊಲಿಸಿ, ತಲೆಗೆ ಎರಡರಂತೆ ಕೊಟ್ಟು, ಮಧ್ಯಾಹ್ನ ಊಟದ ಹೊತ್ತಿಗೆ ಒದ್ದೆಯಾದದ್ದನ್ನು ತೆಗೆದು ಒಣಗಿದ್ದನ್ನು ಹಾಕಿಕೊಳ್ಳುವ ಕ್ರಮ ತಂದೆ. ಒಂದಕ್ಕೆ ಎಂಟೋ ಹತ್ತೋ ರೂಪಾಯಿ ಬಿತ್ತು. ಬಟ್ಟೆ ಯಾವುದು, ಎಷ್ಟು ಪದರ, ಹೇಗೆ ಸಿಕ್ಕಿಸಬೇಕು ಎಂಬುದನ್ನು ಸದ್ಯಕ್ಕೆ ನನ್ನಲ್ಲಿಯೇ ಇಟ್ಟುಕೊಳ್ಳುತ್ತೇನೆ. ಪಟ್ಟಿ ಹಣೆಯ ಭಾಗದಲ್ಲಿ ಮಾತ್ರ ಇರಬೇಕು, ನೆತ್ತಿಯ ಜಾಗಕ್ಕೆ ಏರಬಾರದು ಎಂಬುದನ್ನು ಮಾತ್ರ ಒತ್ತಿ ಹೇಳುತ್ತೇನೆ. ಟವೆಲ್ ತುಂಬುವ ಅಭ್ಯಾಸ ಬಿಟ್ಟುಹೋದದ್ದು ಇದರಿಂದಲೇ. ಮುಖ್ಯ ಗುತ್ತಿಗೆದಾರರ ಸುರಕ್ಷತಾ ಅಧಿಕಾರಿ ಒಂದು ಮಧ್ಯಾಹ್ನ ಮೂರರ ಬಿಸಿಲಿನಲ್ಲಿ ಹೇಳದೆ ಕೇಳದೆ ಬಂದು, ಎಲ್ಲರ ತಲೆಯ ಮೇಲೂ ಹೆಲ್ಮೆಟ್ ಇರುವುದನ್ನು ಕಂಡು ನಮ್ಮ ಸೈಟಿನ ಫೋಟೊ ತೆಗೆದುಕೊಂಡು ಹೋದರು.

ಹೆಣ್ಣುಮಕ್ಕಳ ವಿಷಯದಲ್ಲಿ ಹೆಲ್ಮೆಟ್ಟಿಗಿಂತ ಕೆಲಸದ ರೀತಿಯನ್ನೇ ಬದಲಿಸಬೇಕಾಯಿತು. ಸಿಂಬಿ ಇಟ್ಟು ಬುಟ್ಟಿ ಹೊರುವವರಿಗೆ ಹೆಲ್ಮೆಟ್ ಕೊಡುವುದೆಂದರೆ ಏನರ್ಥ? ಬುಟ್ಟಿ ಇದ್ದರೆ ಹೆಲ್ಮೆಟ್ ಇಲ್ಲ, ಹೆಲ್ಮೆಟ್ ಇದ್ದರೆ ಬುಟ್ಟಿ ನಿಲ್ಲದು. ಆದ್ದರಿಂದ ಕೆಳಗಿನ ಸಾಗಣೆಗೆ ಒಂಟಿ ಗಾಲಿಯ ತಳ್ಳುಗಾಡಿಗಳನ್ನೂ ಮೇಲಿನ ಮಹಡಿಗಳಿಗೆ ಬಾಡಿಗೆಯ ಮಿನಿ ಲಿಫ್ಟನ್ನೂ ತಂದೆ. ಬಾಡಿಗೆ ಹೆಚ್ಚಾಯಿತೆಂದು ನಮ್ಮ ಮೇಸ್ತ್ರಿಯೇ ಗೊಣಗಿದರು. ಆದರೆ ಕಾಂಕ್ರೀಟು ಬೇಗ ಮುಗಿದು ಸಂಜೆಯ ಓವರ್‌ಟೈಮ್ ಕಡಿಮೆಯಾದದ್ದರಲ್ಲಿ ಅದರ ಬಹುಪಾಲು ಮರಳಿ ಬಂತು. ಗುಂಡಿ ತುರುಬಿಗೆ ಒತ್ತುವ ತೊಂದರೆಯನ್ನು ಲಿಂಗಸುಗೂರು ಕಡೆಯ ಒಬ್ಬ ಹಿರಿಯ ಹೆಣ್ಣುಮಗಳು ತಾನೇ ಬಗೆಹರಿಸಿದಳು. "ತುರುಬು ಕೆಳಗ ಇಳಿಸಿ ಕಟ್ರೆವ್ವಾ, ಗುಂಡಿ ಅದರ ಮ್ಯಾಲ ಕುಂದರತೈತಿ" ಎಂದು ಉಳಿದವರಿಗೆ ಕಟ್ಟಿ ತೋರಿಸಿದಳು. ನಾನು ಹೇಳಿದ್ದರೆ ಅವರು ಕೇಳುತ್ತಿರಲಿಲ್ಲ.

ಗದ್ದದ ಪಟ್ಟಿಯಿಲ್ಲದೆ ಯಾರನ್ನೂ ಸಾರುವೆ ಹತ್ತಲು ಬಿಡುವುದಿಲ್ಲ, ಏಕೆಂದರೆ ಮನುಷ್ಯ ಜಾರಿದಾಗ ಸಡಿಲ ಹೆಲ್ಮೆಟ್ ಅವನಿಗಿಂತ ಮೊದಲು ಕೆಳಗೆ ಹೋಗುತ್ತದೆ. ಇಲ್ಲೊಂದು ಸೂಕ್ಷ್ಮವಿದೆ. ಕೆಲಸದ ಹೆಲ್ಮೆಟ್ಟಿನ ಯುರೋಪಿನ ಮಾನದಂಡ ಇಎನ್ 397ರ 2012ರ ಆವೃತ್ತಿಯಲ್ಲಿ ಪಟ್ಟಿಯು 150ರಿಂದ 250 ನ್ಯೂಟನ್ ಎಳೆತಕ್ಕೆ ಬಿಟ್ಟುಕೊಳ್ಳಬೇಕಿತ್ತು, ಇಲ್ಲವಾದರೆ ಎಲ್ಲಾದರೂ ಸಿಕ್ಕಿಕೊಂಡಾಗ ಕುತ್ತಿಗೆ ಬಿಗಿಯುತ್ತದೆ. ಪರ್ವತಾರೋಹಿಗಳ ಇಎನ್ 12492ರಲ್ಲಿ 500 ನ್ಯೂಟನ್ನಿಗೂ ಬಿಡಬಾರದು, ಏಕೆಂದರೆ ಬೀಳುವಾಗ ತಲೆಯ ಮೇಲೆಯೇ ಉಳಿಯಬೇಕು. ಕೆಳಗಿನವರಿಗೆ ಸಾದಾ ಪಟ್ಟಿ, ಎತ್ತರದಲ್ಲಿ ಬೆಲ್ಟ್ ಕಟ್ಟಿ ದುಡಿಯುವ ಹತ್ತು ಹನ್ನೆರಡು ಜನರಿಗೆ ಕಿವಿಯ ಎರಡೂ ಬದಿಯಿಂದ ಬರುವ ವೈ ಆಕಾರದ ಪಟ್ಟಿ ಎಂದು ನಾನು ಬೇರೆ ಬೇರೆಯಾಗಿ ಕೊಡುವುದು ಇದೇ ಕಾರಣಕ್ಕೆ.

ತಿಂಗಳ ಮೊದಲ ಸೋಮವಾರ ಎಲ್ಲ ಹೆಲ್ಮೆಟ್ಟುಗಳೂ ಸ್ಟೋರಿಗೆ ಬರುತ್ತವೆ. ಎರಡೂ ಬದಿಯನ್ನು ಅಂಗೈಗಳಿಂದ ಒಂದು ಇಂಚಿನಷ್ಟು ಒತ್ತಿ ಬಿಟ್ಟಾಗ ಸದ್ದಿಲ್ಲದೆ ಮೊದಲಿನ ಆಕಾರಕ್ಕೆ ಬಂದರೆ ಸರಿ. ಕಟಕಟ ಎಂದರೆ ಬಿಸಿಲು ಅದನ್ನು ಒಣಗಿಸಿದೆ ಎಂದು ತಿಳಿದು ತೆಗೆದುಹಾಕುತ್ತೇವೆ. ಬೆರಳಿಗೆ ಸುಣ್ಣದಂಥ ಹುಡಿ ಹತ್ತಿದರೂ ಅಷ್ಟೇ. ಕೆಂಪು ಧೂಳು ಇಲ್ಲಿ ನಮಗೆ ಉಪಕಾರವನ್ನೇ ಮಾಡಿದೆ: ಚಿಪ್ಪನ್ನು ಒದ್ದೆ ಬಟ್ಟೆಯಿಂದ ಒರೆಸಿದಾಗ ಮೇಲಿನ ಧೂಳೆಲ್ಲ ಹೋಗಿ, ಬಿರುಕಿನೊಳಗೆ ಸೇರಿದ್ದು ಮಾತ್ರ ಕೂದಲೆಳೆಯಷ್ಟು ತೆಳುವಾದ ಕೆಂಪು ಗೆರೆಯಾಗಿ ಉಳಿಯುತ್ತದೆ. ಹಳದಿ ಚಿಪ್ಪಿನ ಮೇಲೆ ಅದು ಸ್ಪಷ್ಟವಾಗಿ ಕಾಣುತ್ತದೆ. ಪೆಟ್ಟು ತಿಂದ ಹೆಲ್ಮೆಟ್ಟನ್ನು ಬಿರುಕು ಕಾಣದಿದ್ದರೂ ಮತ್ತೆ ಕೊಡುವುದಿಲ್ಲ, ಅಲ್ಲಿಯೇ ಗರಗಸದಿಂದ ಕೊಯ್ದು ಹಾಕುತ್ತೇವೆ. ಕೊಯ್ಯದೆ ಎಸೆದರೆ ಅದು ಬೇರೊಬ್ಬರ ತಲೆ ಸೇರುತ್ತದೆ. ತಯಾರಾದ ತಿಂಗಳು, ವರ್ಷವನ್ನು ಅಂಚಿನ ಒಳಭಾಗದಲ್ಲಿ ಬಾಣದ ಗುರುತಿನಿಂದ ಅಚ್ಚೊತ್ತಿರುತ್ತಾರೆ. ಅಂಗಡಿಯಲ್ಲೇ ಎರಡು ವರ್ಷ ಕುಳಿತ ಮಾಲನ್ನು ರಿಯಾಯಿತಿ ಕೊಟ್ಟರೂ ನಾನು ಮುಟ್ಟುವುದಿಲ್ಲ.

ಎಲ್ಲ ಸೇರಿ ವರ್ಷಕ್ಕೆ ತಲೆಗೆ ಮುನ್ನೂರೈವತ್ತು ರೂಪಾಯಿ ಮೀರಿಲ್ಲ, ದಂಡದ ಬಾಬತ್ತು ಹೆಚ್ಚುಕಡಿಮೆ ನಿಂತೇಹೋಗಿದೆ. ಒಳಪಟ್ಟಿಯನ್ನು ವರ್ಷಕ್ಕೊಮ್ಮೆ ಬದಲಿಸುತ್ತೇನೆ, ಬಿಡಿಯಾಗಿ ಎಪ್ಪತ್ತು ಎಂಬತ್ತಕ್ಕೆ ಸಿಗುತ್ತದೆ. ಚಿಪ್ಪು ಯಾವ ಕಂಪನಿಯದೋ ಒಳಪಟ್ಟಿಯೂ ಅದೇ ಕಂಪನಿಯದಾಗಿರಬೇಕು, ಅದೇ ಮಾದರಿಯದಾಗಿರಬೇಕು. ಬೇರೆಯದರ ಗೂಟ ಚಿಪ್ಪಿನ ಸಂದಿನಲ್ಲಿ ಕೂತಂತೆ ಕಂಡರೂ ಪೆಟ್ಟು ಬಿದ್ದಾಗ ಕಳಚಿಕೊಳ್ಳುತ್ತದೆ. ಮಾರ್ಚ್ ಬಂದರೆ ಬಳ್ಳಾರಿಯಲ್ಲಾಗಲಿ ರಾಯಚೂರಿನಲ್ಲಾಗಲಿ ಬಿಡಿ ಪಟ್ಟಿ ಸಿಗುವುದು ಕಷ್ಟವಾದ್ದರಿಂದ ಫೆಬ್ರವರಿಯಲ್ಲೇ ತಲೆಗಳ ಲೆಕ್ಕಕ್ಕಿಂತ ಹತ್ತು ಹೆಚ್ಚು ತರಿಸಿ ಇಟ್ಟುಕೊಳ್ಳುತ್ತೇನೆ.