ಚಿಕ್ಕ ಜೆಟ್ ಎಂಜಿನ್: ಸೈಕಲ್, ಡಿಸ್ಕ್, ತೂಕ ಎಲ್ಲವನ್ನೂ ಒಟ್ಟಿಗೇ ಲೆಕ್ಕಕ್ಕೆ ಬಿಟ್ಟೆ, ಕೆಲಸ ಆಯಿತು

ಡ್ರೋನ್‌ಗೆ ಬೇಕಾದ 400 ನ್ಯೂಟನ್ ತಳ್ಳುಬಲದ ಟರ್ಬೋಜೆಟ್‌ನ ಮೊದಲ ಹಂತದ ವಿನ್ಯಾಸವನ್ನು ಹಾಸನದ ಸಾಲಗಾಮೆ ರಸ್ತೆಯ ನನ್ನ ರೂಮಿನಲ್ಲೇ ಮುಗಿಸಿದೆ. ಸೈಕಲ್ (ಗಾಳಿಯನ್ನು ಒತ್ತಿ, ಇಂಧನ ಉರಿಸಿ, ಹೊರಬಿಡುವ ಕ್ರಮದ ಲೆಕ್ಕ), ತಿರುಗುವ ಚಕ್ರಗಳ (ಡಿಸ್ಕ್) ಸ್ಟ್ರೆಸ್, ಎಂಜಿನ್ ತೂಕ, ಹಾರಾಟದ ಇಂಧನ, ಎಲ್ಲವನ್ನೂ ಒಟ್ಟಿಗೇ ಬದಲಿಸುತ್ತ ಒಳ್ಳೆಯ ವಿನ್ಯಾಸ ಹುಡುಕುವ ಒಂದೇ ಲೂಪಿನಲ್ಲಿ. 'ಮೊದಲು ಸೈಕಲ್ ಫ್ರೀಜ್ ಮಾಡಪ್ಪ, ಸ್ಟ್ರೆಸ್ ಆಮೇಲೆ ನೋಡ್ಕೊಳ್ಳೋಣ' ಅಂತ ಬೆಂಗಳೂರಿನ ಸ್ನೇಹಿತರು ಕೊನೆವರೆಗೂ ಹೇಳುತ್ತಿದ್ದರು. ಈಗ ನನ್ನ ಫೈಲ್ ಕೇಳುತ್ತಿದ್ದಾರೆ.

ಸೈಕಲ್ ಒಂದನ್ನೇ ಲೆಕ್ಕಕ್ಕೆ ಕೊಟ್ಟರೆ ಅದು ಪ್ರೆಶರ್ ರೇಶಿಯೋ (ಗಾಳಿಯ ಒತ್ತಡ ಎಷ್ಟು ಪಟ್ಟು ಏರುತ್ತದೆ ಎಂಬುದು) 5ರ ಆಚೆಗೇ ಓಡುತ್ತದೆ. ಇಂಧನ ಉಳಿಯುತ್ತದೆ, ನಿಜ. ಆದರೆ ಒಂದೇ ಸೆಂಟ್ರಿಫ್ಯೂಗಲ್ ಇಂಪೆಲ್ಲರ್‌ನಲ್ಲಿ (ಗಾಳಿ ಒತ್ತುವ ಚಕ್ರ) ಅಷ್ಟು ಬೇಕೆಂದರೆ ತುದಿಯ ವೇಗ ಸೆಕೆಂಡಿಗೆ 500 ಮೀಟರ್ ಮುಟ್ಟುತ್ತದೆ. ವೇಗ ಶೇ. 10 ಏರಿದರೆ ಸ್ಟ್ರೆಸ್ ಶೇ. 21 ಏರುತ್ತದೆ. ಅದೇ ಶಾಫ್ಟಿನ ಇನ್ನೊಂದು ತುದಿಯಲ್ಲಿ ಟರ್ಬೈನ್ ಚಕ್ರ ಕೆಂಪಗೆ ಕಾದಿರುತ್ತದೆ. ಡಿಸ್ಕ್ ದಪ್ಪ ಮಾಡಬೇಕು, ಅದು ಒಡೆದರೆ ತಡೆಯುವ ಕವಚವನ್ನೂ ದಪ್ಪ ಮಾಡಬೇಕು. ಅಲ್ಯೂಮಿನಿಯಂ ಬಿಟ್ಟು ಟೈಟಾನಿಯಂ ಇಂಪೆಲ್ಲರ್‌ಗೆ ಕೊಟೇಶನ್ ಕೇಳಿದೆ, ಅಲ್ಯೂಮಿನಿಯಂನ ಬೆಲೆಯ ಮೂರು ಪಟ್ಟು ಹತ್ತಿರ ಬಂತು.

ಎಲ್ಲವನ್ನೂ ಒಟ್ಟಿಗೆ ಬಿಟ್ಟಾಗ ಪ್ರೆಶರ್ ರೇಶಿಯೋ 4ರ ಆಸುಪಾಸಿನಲ್ಲಿ ನಿಂತಿತು. 5ಕ್ಕೆ ಹೋಲಿಸಿದರೆ ಹತ್ತು ನಿಮಿಷದ ಹಾರಾಟಕ್ಕೆ ಇಂಧನ ಸುಮಾರು 400 ಗ್ರಾಂ ಜಾಸ್ತಿ, ಎಂಜಿನ್ 600 ಗ್ರಾಂ ಹಗುರ. ಅರ್ಧ ಗಂಟೆ ಹಾರಿಸುವುದಾದರೆ ಇದು ತಿರುಗುಮುರುಗು. ಹಾರಾಟದ ಅವಧಿಯನ್ನು ಲೂಪಿನೊಳಗೆ ಇಡಬೇಕು ಅನ್ನುವುದು ಇದಕ್ಕೇ.

ಸಾಫ್ಟ್‌ವೇರ್ ಲೈಸೆನ್ಸ್‌ಗೆ ಲಕ್ಷಗಟ್ಟಲೆ ಕೇಳಿದರು. ನಾಸಾದ ಓಪನ್‌ಎಂಡಿಎಒ (ಬೇರೆ ಬೇರೆ ಲೆಕ್ಕಗಳನ್ನು ಜೋಡಿಸಿ ಒಟ್ಟಿಗೆ ಓಡಿಸುವ ಸಾಫ್ಟ್‌ವೇರ್), ಪೈಸೈಕಲ್ (ಎಂಜಿನ್ ಸೈಕಲ್ ಲೆಕ್ಕದ್ದು) ಎರಡೂ ಪುಕ್ಕಟೆ, ಅದರಲ್ಲೇ ಮಾಡಿದೆ. ಖರ್ಚೆಲ್ಲ ಕಂಪ್ಯೂಟರ್ ಮತ್ತು ಯುಪಿಎಸ್‌ಗೆ, ಒಂದೂಮುಕ್ಕಾಲು ಲಕ್ಷದಷ್ಟು. ಮಳೆಗಾಲದಲ್ಲಿ ಇಲ್ಲಿ ಕರೆಂಟ್ ನಂಬಿ ರಾತ್ರಿಯಿಡೀ ರನ್ ಹಾಕುವ ಹಾಗಿಲ್ಲ. ಹಾಗಾಗಿ ಲೆಕ್ಕದ ಪ್ರತಿ ಸುತ್ತನ್ನೂ ರೆಕಾರ್ಡರ್‌ಗೆ (ಫಲಿತಾಂಶ ಉಳಿಸಿಡುವ ಸೌಲಭ್ಯ) ಬರೆಸಿ.

ತಿಂಗಳುಗಟ್ಟಲೆ ಸತಾಯಿಸಿದ್ದು ಫೈನೈಟ್ ಡಿಫರೆನ್ಸ್, ಅಂದರೆ ಒಂದು ಅಂಕಿಯನ್ನು ಒಂದು ಸ್ಟೆಪ್ ಬದಲಿಸಿ ಫಲಿತಾಂಶ ಎಷ್ಟು ಬದಲಾಯಿತು ಅಂತ ನೋಡುವ ವಿಧಾನ. ಒಳಗಿನ ಸಾಲ್ವರ್ (ಸಮೀಕರಣ ಬಿಡಿಸುವ ಭಾಗ) ಪೂರ್ತಿ ನಿಖರ ಉತ್ತರಕ್ಕೆ ಬಾರದಿದ್ದರೆ ಗ್ರೇಡಿಯಂಟ್ (ಯಾವ ಕಡೆ ಹೋದರೆ ಸುಧಾರಿಸುತ್ತದೆ ಎಂಬ ಸೂಚನೆ) ಬರೀ ಗಲಾಟೆ. ಸ್ಟೆಪ್ ಸ್ವಲ್ಪ ಬದಲಿಸಿದರೆ ಪ್ಲಸ್ ಇದ್ದದ್ದು ಮೈನಸ್ ಆಗುತ್ತಿತ್ತು! ಅದಕ್ಕೇ ಡಿಸ್ಕ್ ಮತ್ತು ತೂಕದ ಕೋಡಿಗೂ ಡೆರಿವೇಟಿವ್‌ಗಳ (ಬದಲಾವಣೆಯ ದರದ) ಸೂತ್ರಗಳನ್ನು ಕೈಯಲ್ಲೇ ಬರೆದೆ. ರಾತ್ರಿಯಿಡೀ ಓಡುತ್ತಿದ್ದದ್ದು ಊಟ ಮುಗಿಸಿ ಬರುವಷ್ಟರಲ್ಲಿ ಮುಗಿಯತೊಡಗಿತು.

ನಡುವೆ ಸುಮ್ನೆ ಕುತೂಹಲಕ್ಕೆ ಜೆನೆಟಿಕ್ ಅಲ್ಗಾರಿದಮ್ (ಗ್ರೇಡಿಯಂಟ್ ಇಲ್ಲದೆ, ಬಹಳಷ್ಟು ವಿನ್ಯಾಸಗಳನ್ನು ಬೆರೆಸಿ ಒಳ್ಳೆಯದನ್ನು ಆರಿಸುವ ವಿಧಾನ) ಕೂಡ ಓಡಿಸಿದೆ. ಅದೇ ಜಾಗಕ್ಕೆ ಬಂತು, ನೂರಾರು ಪಟ್ಟು ಹೆಚ್ಚು ರನ್ ತಿಂದು. ಉತ್ತರ ಸರಿ ಅಂತ ಖಾತ್ರಿಯಾಯಿತು, ಅಷ್ಟಕ್ಕೆ ಅದು ಸಾರ್ಥಕ.

ಸ್ಕೇಲಿಂಗ್ (ದೊಡ್ಡ-ಚಿಕ್ಕ ಅಂಕಿಗಳನ್ನು ಒಂದೇ ಅಳತೆಗೆ ತರುವುದು) ಹೇಗೆ ಮಾಡಿದೆ, ಆರಂಭದ ಅಂದಾಜನ್ನು ಯಾವ ಕ್ರಮದಲ್ಲಿ ಕೊಟ್ಟೆ ಎಂಬುದನ್ನು ಸದ್ಯಕ್ಕೆ ಹೇಳುವುದಿಲ್ಲ. ತೂಕದ ಕೋಡ್ ಬೇಕಾದವರು ಕೇಳಿ, ಕೊಡುತ್ತೇನೆ.