ಪಂಪ್ ಟಕ್ ಟಕ್ ಅಂದರೆ ಮೊದಲು ಟ್ಯಾಂಕಿನ ಗಾಳಿ ನೋಡಿ

ಪುಣೆಯ ಕೋಥ್ರೂಡ್‌ನಲ್ಲಿರುವ ನಮ್ಮ ರೋ ಹೌಸಿನಲ್ಲಿ ಟೆರೇಸಿನ ಟಾಕಿ ಮೇಲಿನ ಬಚ್ಚಲಿನ ಷವರ್‌ಗಿಂತ ಎರಡೂವರೆ ಮೀಟರ್ ಎತ್ತರದಲ್ಲಿದೆ. ಹತ್ತು ಮೀಟರ್ ಎತ್ತರದ ನೀರಿಗೆ ಸುಮಾರು ಒಂದು ಬಾರ್ ಒತ್ತಡದ ಲೆಕ್ಕ, ಅಂದರೆ ಸಿಗೋದು ಬರೀ ಕಾಲು ಬಾರ್. ಅದಕ್ಕೇ ಪ್ರೆಷರ್ ಪಂಪು, ಜೊತೆಗೆ 24 ಲೀಟರಿನ ಪ್ರೆಷರ್ ಟ್ಯಾಂಕು; ಅದರೊಳಗೆ ರಬ್ಬರ್ ಚೀಲದಲ್ಲಿ ನೀರು, ಚೀಲದ ಸುತ್ತ ನೀರನ್ನು ಒತ್ತುವ ಗಾಳಿ. ಒತ್ತಡ ನೋಡಿ ಕೆಲಸ ಮಾಡುವ ಸ್ವಿಚ್ 1.4 ಬಾರ್‌ಗೆ ಪಂಪ್ ಶುರು ಮಾಡುತ್ತದೆ, 2.8ಕ್ಕೆ ಬಂದ್.

ನಳ ಬಿಟ್ಟಾಗ ಪಂಪ್ ಕ್ಷಣಕ್ಕೊಮ್ಮೆ ಶುರುವಾಗಿ ನಿಂತರೆ ಮಿಸ್ತ್ರಿಗಳು ಸ್ವಿಚ್ ಬದಲಿಸಿ ಅಂತಾರೆ. ನಾನು ಮೊದಲು ಬಕೆಟ್ ಇಡುತ್ತೇನೆ. ಪಂಪ್ 2.8ಕ್ಕೆ ನಿಂತ ಮೇಲೆ ಪಂಪಿನ ಕರೆಂಟಿನ ಎಂಸಿಬಿ ಆಫ್ ಮಾಡಿ, ಒಂದೇ ನಳ ಬಿಟ್ಟು, ಗೇಜಿನ ಮುಳ್ಳು 1.4ಕ್ಕೆ ಇಳಿಯುವವರೆಗೆ ನೀರು ಹಿಡಿಯೋದು. ಗಾಳಿ ಸರಿಯಿದ್ದರೆ ಎಂಟು ಲೀಟರ್ ಬರಬೇಕು. ನಾಲ್ಕು ಬಂದರೆ ಗಾಳಿ ಹೋಗಿದೆ. ಒಂದೆರಡು ಚೊಂಬು ಮಾತ್ರ ಬಂದರೆ ಒಳಗಿನ ರಬ್ಬರ್ ಚೀಲದ ಮೇಲೆ ಅನುಮಾನ.

ಗಾಳಿ ಅಳೆಯುವ ಮೊದಲು ಪಂಪಿನ ಹಿಂದಿನ ಬಾಲ್ ವಾಲ್ವ್ ಮುಚ್ಚಬೇಕು. ಇಲ್ಲವಾದರೆ ಟೆರೇಸಿನ ನೀರು ಹರಿಯುತ್ತಲೇ ಇರುತ್ತದೆ, ಮುಳ್ಳು ಸೊನ್ನೆಗೆ ಬರುವುದಿಲ್ಲ, ನೀವು ಅಳೆಯೋದು ನೀರಿನ ಒತ್ತಡವನ್ನೇ. ಕೆಳಗಿನ ನಳವನ್ನು ಕೊನೆಯವರೆಗೂ ತೆರೆದಿಡಿ. ಟ್ಯಾಂಕಿನ ಹಿಂದಿನ ಪ್ಲಾಸ್ಟಿಕ್ ಮುಚ್ಚಳ ಬಿಚ್ಚಿದರೆ ಸ್ಕೂಟರ್ ಟೈರಿನಂಥದೇ ವಾಲ್ವ್. ಪಿನ್ ಒತ್ತಿದಾಗ ನೀರು ಚಿಮ್ಮಿದರೆ ಚೀಲ ಹರಿದಿದೆ, ಗಾಳಿ ತುಂಬಿ ಪ್ರಯೋಜನವಿಲ್ಲ. ಟ್ಯಾಂಕಿನ ಬಾಯಿಗೆ ಬೋಲ್ಟ್ ಹಾಕಿದ ತಟ್ಟೆ (ಫ್ಲ್ಯಾಂಜ್) ಬಿಚ್ಚಿ ಅದೇ ಅಳತೆಯ ಹೊಸ ಚೀಲ ಹಾಕಬೇಕು. ಬರೀ ಗಾಳಿ ಬಂದರೆ ಕಾಲಿನ ಪಂಪಿನಿಂದ 1.2 ಬಾರ್, ಅಂದರೆ 17 ಪಿಎಸ್‌ಐ ತುಂಬಿ. ಪಂಪ್ ಶುರುವಾಗುವ ಒತ್ತಡಕ್ಕಿಂತ 0.2 ಕಡಿಮೆ, ಇದೇ ಸೂತ್ರ. ಎಷ್ಟೋ ಹೊಸ ಟ್ಯಾಂಕುಗಳಲ್ಲಿ 1.5 ಇರುತ್ತದೆ. ಹಾಗೇ ಬಿಟ್ಟರೆ ಪಂಪ್ ಏಳುವ ಮುನ್ನವೇ ಟ್ಯಾಂಕ್ ಬರಿದಾಗಿ, ಸ್ನಾನದ ನಡುವೆ ಷವರ್ ಒಂದು ಗಳಿಗೆ ಸೊರಗುತ್ತದೆ. ಕೊನೆಗೆ ವಾಲ್ವಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳದಿರುವುದನ್ನು ನೋಡಿ ಮುಚ್ಚಳ ಹಾಕುತ್ತೇನೆ.

ನಳ ಬಿಡದೆಯೂ ಪಂಪ್ ತಾನಾಗಿ ಏಳುತ್ತದೆಯೇ? ಅದು ಗಾಳಿಯ ತಪ್ಪಲ್ಲ. ಟ್ಯಾಂಕ್ ದಾಟಿದ ಮೇಲೆ ಮನೆಯೊಳಕ್ಕೆ ಹೋಗುವ ವಾಲ್ವ್ ಮುಚ್ಚಿ ಮುಳ್ಳು ನೋಡಿ. ನಿಂತರೆ ಸೋರಿಕೆ ಮನೆಯೊಳಗೆ. ಸಾಮಾನ್ಯವಾಗಿ ಫ್ಲಶ್ ಟ್ಯಾಂಕೇ ಕಳ್ಳ. ಆಗಲೂ ಇಳಿದರೆ ನೀರು ಎನ್‌ಆರ್‌ವಿ (ನೀರನ್ನು ಹಿಂದಕ್ಕೆ ಬಿಡದಿರಬೇಕಾದ ವಾಲ್ವ್) ಮೂಲಕ ಟೆರೇಸಿಗೆ ವಾಪಸ್ ಹೋಗುತ್ತಿದೆ. ಟ್ಯಾಂಕರ್ ನೀರು ಬರುವ ದಿನಗಳಲ್ಲಿ ಎನ್‌ಆರ್‌ವಿಯ ಬಾಯಲ್ಲಿ ಮರಳಿನ ಕಣ ಸಿಕ್ಕಿಕೊಂಡಿರುತ್ತದೆ, ಬಿಚ್ಚಿ ತೊಳೆದರೆ ಸಾಕು.

ಸ್ವಿಚ್ಚಿನ ನಟ್ಟುಗಳನ್ನು ಸುಮ್ಮನೆ ತಿರುಗಿಸಬೇಡಿ. ದೊಡ್ಡದು ಎರಡೂ ಒತ್ತಡಗಳನ್ನು ಒಟ್ಟಿಗೆ ಏರಿಸುತ್ತದೆ, ಚಿಕ್ಕದು ಬಂದ್ ಆಗುವುದನ್ನು ಮಾತ್ರ. ಶುರುವಿನ ಒತ್ತಡ ಬದಲಿಸಿದರೆ ಗಾಳಿಯನ್ನೂ ಮತ್ತೆ ಹೊಂದಿಸಬೇಕು. ಇನ್ನು ಪುಣೆಯ ಟೆರೇಸುಗಳಲ್ಲಿ ಕಾಣುವ ನಾನ್-ಪ್ರೆಷರ್ (ಒತ್ತಡ ತಡೆಯದ) ಸೋಲಾರ್ ಟ್ಯಾಂಕಿಗೆ ಈ ಲೈನು ಜೋಡಿಸಲೇಬಾರದು, 2.8 ಬಾರ್‌ಗೆ ಅದು ಒಡೆಯುತ್ತದೆ.