ಮೂಲಿಕಾ ಚಿಕಿತ್ಸೆಯ ಪದವಿಯನ್ನು ನಾನು ಓದಿದ ಬಗೆ

ಮೂಲಿಕಾ ಚಿಕಿತ್ಸೆಯನ್ನು ಪದವಿ ಮಟ್ಟದಲ್ಲಿ ಓದಬೇಕೆಂದಿರುವವರು ನನ್ನನ್ನು ಮೊದಲು ಕೇಳುವುದು, ಒಟ್ಟು ಎಷ್ಟು ಗಿಡಗಳನ್ನು ಕಲಿಯಬೇಕಾಗುತ್ತದೆ ಎಂದು. ಗಿಡಗಳು ಬಹಳ ಇರುತ್ತವೆ, ನಿಜ. ಆದರೆ ನನ್ನ ಓದಿನ ದೊಡ್ಡ ಪಾಲು ಹೋದದ್ದು ಮನುಷ್ಯನ ದೇಹವನ್ನು ತಿಳಿಯುವುದಕ್ಕೆ. ಅಂಗರಚನೆ, ಶರೀರಕ್ರಿಯೆ, ರೋಗನಿದಾನ, ಆಧುನಿಕ ಔಷಧಿಗಳು ದೇಹದಲ್ಲಿ ನಡೆದುಕೊಳ್ಳುವ ರೀತಿ, ಇವು ಗಟ್ಟಿಯಾಗಿರದಿದ್ದರೆ ಕೊನೆಯ ಹಂತದಲ್ಲಿ ಮೇಲ್ವಿಚಾರಕರ ಎದುರು ರೋಗಿಯನ್ನು ಕೂರಿಸಿಕೊಂಡಾಗ ಗಿಡಗಳ ಜ್ಞಾನವೆಲ್ಲ ಉಪಯೋಗಕ್ಕೆ ಬರುವುದಿಲ್ಲ. ಮೊದಲ ವರ್ಷದಲ್ಲಿ ಈ ವಿಷಯಗಳನ್ನು ಶುಷ್ಕವೆಂದು ಬದಿಗೆ ಸರಿಸುವವರನ್ನು ಕಂಡಾಗ ನನಗೆ ನಿಜಕ್ಕೂ ಆತಂಕವಾಗುತ್ತದೆ.

ಗಿಡಗಳನ್ನು ಕಲಿಯುವಾಗ ನಾನು ಕೆಮ್ಮಿಗೆ ಇದು, ಅಜೀರ್ಣಕ್ಕೆ ಅದು ಎಂಬ ಬಾಯಿಪಾಠದ ದಾರಿ ಹಿಡಿಯಲಿಲ್ಲ. ಲೋಳೆ, ಟ್ಯಾನಿನ್, ಸಪೋನಿನ್, ಸುಗಂಧ ತೈಲ, ಆಲ್ಕಲಾಯ್ಡ್, ರಾಳ ಎಂಬ ರಾಸಾಯನಿಕ ವರ್ಗಗಳನ್ನು ಆಧಾರವಾಗಿಟ್ಟುಕೊಂಡು, ಪ್ರತಿಯೊಂದು ವರ್ಗದಲ್ಲಿ ಕೆಲವೇ ಗಿಡಗಳನ್ನು ಆಳವಾಗಿ ಓದಿದೆ. ವರ್ಗ ಗೊತ್ತಾದರೆ ಆ ಗಿಡದ ರುಚಿ, ಅದರ ಸತ್ವವನ್ನು ಹೊರತೆಗೆಯುವ ವಿಧಾನ, ಅದು ದೇಹದಲ್ಲಿ ಮಾಡುವ ಕೆಲಸ, ಕೊಡುವಾಗ ವಹಿಸಬೇಕಾದ ಎಚ್ಚರ, ಎಲ್ಲವೂ ಒಂದೇ ಎಳೆಯಲ್ಲಿ ಸಿಗುತ್ತವೆ. ಟ್ಯಾನಿನ್ ಇರುವ ತೊಗಟೆಯನ್ನು ಜಗಿದರೆ ಬಾಯಿ ಒಗರಾಗುತ್ತದೆ, ಏಕೆಂದರೆ ಟ್ಯಾನಿನ್ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಭೇದಿಯಲ್ಲಿ ಕರುಳಿನ ಒಳಪದರವನ್ನು ಬಿಗಿಗೊಳಿಸುವುದೂ ಅದೇ ಗುಣ. ಅದೇ ಟ್ಯಾನಿನ್ ಕಬ್ಬಿಣವನ್ನೂ ಹಿಡಿದಿಟ್ಟುಕೊಳ್ಳುವುದರಿಂದ, ರಕ್ತಹೀನತೆಗೆ ಕಬ್ಬಿಣದ ಮಾತ್ರೆ ತೆಗೆದುಕೊಳ್ಳುವವರಿಗೆ ಅಂಥ ಕಷಾಯವನ್ನು ಮಾತ್ರೆಯ ಜೊತೆಯಲ್ಲೇ ಕೊಡುವಂತಿಲ್ಲ. ಹೀಗೆ ಓದಿದ್ದು ಪರೀಕ್ಷೆ ಮುಗಿದ ಮೇಲೂ ನನ್ನಲ್ಲಿ ಉಳಿದುಕೊಂಡಿತು.

ತಯಾರಿಕೆಯ ತರಗತಿಗಳೂ ಈ ಕ್ರಮವನ್ನೇ ಬಲಪಡಿಸಿದವು. ಟಿಂಕ್ಚರ್ ಎಂಬುದು ಮೂಲಿಕೆಯನ್ನು ಆಲ್ಕೊಹಾಲ್ ಬೆರೆತ ನೀರಿನಲ್ಲಿ ನೆನೆಸಿ ತೆಗೆದ ಸತ್ವ. 1:5 ಪ್ರಮಾಣದ ಟಿಂಕ್ಚರ್ ಎಂದರೆ ಒಂದು ಭಾಗ ಒಣ ಮೂಲಿಕೆಗೆ ಐದು ಭಾಗ ದ್ರಾವಕ. ಆ ದ್ರಾವಕದಲ್ಲಿ ಆಲ್ಕೊಹಾಲ್ ಎಷ್ಟಿರಬೇಕೆಂಬುದನ್ನು ಸತ್ವದ ಸ್ವಭಾವವೇ ನಿರ್ಧರಿಸುತ್ತದೆ. ಟ್ಯಾನಿನ್‌ಗೆ ಶೇ. 25ರಷ್ಟು ಸಾಕು, ರಾಳಕ್ಕೆ ಶೇ. 90ರಷ್ಟು ಬೇಕು. ಲೋಳೆಯುಳ್ಳ ಮಾರ್ಷ್‌ಮ್ಯಾಲೋ ಬೇರನ್ನು ತಣ್ಣೀರಿನಲ್ಲಿ ನೆನೆಹಾಕಿದರೆ ಅದರಲ್ಲಿರುವ ಪಿಷ್ಟ ಬೆರೆಯದೆ ಲೋಳೆ ಮಾತ್ರ ಬರುತ್ತದೆ. ವಿಧಾನ ಬದಲಾದರೆ ಔಷಧವೇ ಬದಲಾಗುತ್ತದೆ ಎಂಬುದಕ್ಕೆ ಚೀನಾದ ವಿಜ್ಞಾನಿ ಟೂ ಯೂಯೂ ಅವರ ಕೆಲಸಕ್ಕಿಂತ ಒಳ್ಳೆಯ ನಿದರ್ಶನ ನನಗೆ ತಿಳಿಯದು. ಗಿಡವನ್ನು ಬಿಸಿಮಾಡಿ ತೆಗೆದರೆ ಮಲೇರಿಯಾದ ಮೇಲೆ ಕೆಲಸ ಮಾಡುವ ಸತ್ವ ಕೆಡುತ್ತಿರಬಹುದೆಂದು ಶಂಕಿಸಿ, ಕಡಿಮೆ ಶಾಖದಲ್ಲೇ ಕುದಿಯುವ ಈಥರನ್ನು ಬಳಸಿದ ಮೇಲೆಯೇ ಅವರ ತಂಡಕ್ಕೆ ಆರ್ಟಿಮಿಸಿನಿನ್ ಎಂಬ ಆ ಸತ್ವ ದಕ್ಕಿತು. ಆ ಶೋಧಕ್ಕಾಗಿ 2015ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂದಿತು.

ಗಿಡವನ್ನು ಗುರುತಿಸುವ ಪಾಠವನ್ನು ನಾನು ಬೇರೆಲ್ಲ ಪಾಠಗಳಿಗಿಂತ ಹೆಚ್ಚು ಶ್ರದ್ಧೆಯಿಂದ ಮಾಡಿದೆ. ಚಿಕಿತ್ಸಕರ ಕೈಗೆ ಮೂಲಿಕೆ ಬಹುಪಾಲು ಬರುವುದು ಪುಡಿಯಾಗಿ ಅಥವಾ ಕತ್ತರಿಸಿದ ಚೂರಾಗಿ; ಎಲೆಯ ಆಕಾರ, ಹೂವಿನ ಬಣ್ಣ ಆಗ ನೆರವಿಗೆ ಬರುವುದಿಲ್ಲ. ಪುಡಿಯನ್ನು ಕ್ಲೋರಲ್ ಹೈಡ್ರೇಟ್‌ನಲ್ಲಿ ಕಾಯಿಸಿ ತಿಳಿಯಾಗಿಸಿ, ಸೂಕ್ಷ್ಮದರ್ಶಕದಡಿಯಲ್ಲಿ ಅದರ ರೋಮ, ಪತ್ರರಂಧ್ರ, ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳನ್ನು ಹುಡುಕುವುದು, ಅಯೋಡಿನ್ ಹಾಕಿ ಪಿಷ್ಟ ನೀಲಿಯಾಗುವುದನ್ನು ನೋಡುವುದು, ಮೂಲಿಕೆಯ ಘಟಕಗಳನ್ನು ಪಟ್ಟಿಗಳಾಗಿ ಬೇರ್ಪಡಿಸುವ ತೆಳುಪದರ ವರ್ಣಲೇಖನದಲ್ಲಿ ಆ ಪಟ್ಟಿಗಳನ್ನು ಪ್ರಮಾಣಿತ ಮಾದರಿಯೊಂದಿಗೆ ಹೋಲಿಸುವುದು ನಿಧಾನದ ಕೆಲಸ. ಆದರೆ 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ನಡೆದದ್ದನ್ನು ಓದಿದವರು ಈ ಕೆಲಸವನ್ನು ಹಗುರವಾಗಿ ಕಾಣಲಾರರು. ತೂಕ ಇಳಿಸುವ ಚಿಕಿತ್ಸೆಯ ಮಿಶ್ರಣದಲ್ಲಿ ಸ್ಟೆಫಾನಿಯಾ ಎಂಬ ಗಿಡದ ಬೇರಿನ ಬದಲಿಗೆ ಅರಿಸ್ಟೊಲೋಕಿಯಾ ಜಾತಿಯ ಬೇರು ಸೇರಿಹೋಗಿತ್ತು. ಅದರಲ್ಲಿದ್ದ ಅರಿಸ್ಟೊಲೋಕಿಕ್ ಆಮ್ಲದಿಂದ ನೂರಕ್ಕೂ ಹೆಚ್ಚು ಜನರ ಮೂತ್ರಪಿಂಡಗಳು ಹಾಳಾದವು. ಹಲವರಿಗೆ ಮುಂದೆ ಮೂತ್ರನಾಳದ ಕ್ಯಾನ್ಸರ್ ಕೂಡ ಕಾಣಿಸಿಕೊಂಡಿತು.

ಮೂಲಿಕೆ ಮತ್ತು ಮಾತ್ರೆಗಳ ಪರಸ್ಪರ ಪರಿಣಾಮವೇ ಈ ಪದವಿಯ ತಿರುಳು ಎಂಬುದು ನನ್ನ ಅಭಿಪ್ರಾಯ. ಖಿನ್ನತೆಗೆ ಬಳಸುವ ಸೇಂಟ್ ಜಾನ್ಸ್ ವರ್ಟ್ ಗಿಡದಲ್ಲಿರುವ ಹೈಪರ್‌ಫೋರಿನ್, ಯಕೃತ್ತು ಮತ್ತು ಕರುಳಿನಲ್ಲಿ ಔಷಧಿಗಳನ್ನು ಒಡೆಯುವ ಸಿವೈಪಿ3ಎ4 ಎಂಬ ಕಿಣ್ವದ ಉತ್ಪಾದನೆಯನ್ನು ಹೆಚ್ಚಿಸುತ್ತದೆ. ಆಗ ರೋಗಿ ನುಂಗುವ ಮಾತ್ರೆಯ ಪ್ರಮಾಣ ಅಷ್ಟೇ ಇದ್ದರೂ ರಕ್ತದಲ್ಲಿ ಅದರ ಮಟ್ಟ ಇಳಿಯುತ್ತದೆ. ಹೃದಯ ಕಸಿ ಮಾಡಿಸಿಕೊಂಡಿದ್ದ ಇಬ್ಬರಲ್ಲಿ, ಕಸಿಯನ್ನು ದೇಹ ತಿರಸ್ಕರಿಸದಂತೆ ಕೊಡುವ ಸೈಕ್ಲೋಸ್ಪೋರಿನ್ ಔಷಧಿಯ ಮಟ್ಟ ಹೀಗೆ ಕುಸಿದು, ದೇಹವು ಕಸಿಯನ್ನು ತಿರಸ್ಕರಿಸತೊಡಗಿದ್ದು 2000ರಲ್ಲಿ ವರದಿಯಾಯಿತು. ಗರ್ಭನಿರೋಧಕ ಮಾತ್ರೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್, ಎಚ್‌ಐವಿ ಔಷಧಿಗಳಿಗೂ ಇದೇ ಅಪಾಯವಿದೆ. ಇಂಥವನ್ನು ಪಟ್ಟಿಯಾಗಿ ಕಲಿತರೆ ಹೊಸ ಔಷಧಿಯೊಂದು ಎದುರಾದಾಗ ಏನೂ ತೋಚುವುದಿಲ್ಲ. ಕಿಣ್ವದ ಕಡೆಯಿಂದ ಕಲಿತರೆ, ಆ ಔಷಧಿ ಯಾವ ದಾರಿಯಲ್ಲಿ ಒಡೆಯುತ್ತದೆ ಎಂದು ನೋಡಿಕೊಂಡು ಅಪಾಯವನ್ನು ನಾವೇ ಅಂದಾಜು ಮಾಡಬಹುದು.

ಓದು ನಿಜವಾಗಿ ಕೂಡಿಬರುವುದು ಮೇಲ್ವಿಚಾರಣೆಯ ಚಿಕಿತ್ಸಾಲಯದಲ್ಲಿ. ಮೊದಲ ಭೇಟಿಗೆ ಒಂದು ಗಂಟೆಗೂ ಹೆಚ್ಚು ಸಮಯ ಹಿಡಿಯುತ್ತದೆ. ನಿದ್ರೆ, ಹಸಿವು, ಮಲಮೂತ್ರ, ಮುಟ್ಟು, ಹಿಂದಿನ ಕಾಯಿಲೆ, ಮನೆತನದ ಕಾಯಿಲೆ ಎಲ್ಲವನ್ನೂ ಕೇಳಿಯಾದ ಮೇಲೆ, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಚೀಟಿಯನ್ನೇ ತೋರಿಸುವಂತೆ ಕೇಳುವುದು ನನಗೆ ಅಲ್ಲಿ ರೂಢಿಯಾಯಿತು. ಬಾಯಲ್ಲಿ ಹೇಳುವಾಗ ಜನ ಅರ್ಧದಷ್ಟನ್ನು ಮರೆಯುತ್ತಾರೆ. ನೋವಿನ ಮಾತ್ರೆ, ವಿಟಮಿನ್, ಮತ್ತೊಬ್ಬರು ಕೊಟ್ಟ ಚೂರ್ಣಗಳನ್ನು ಔಷಧಿಯೆಂದೇ ಎಣಿಸುವುದಿಲ್ಲ.

ಒಬ್ಬ ಹಿರಿಯ ಮಹಿಳೆ ಬಹುದಿನಗಳ ಒಣಕೆಮ್ಮಿಗೆ ಔಷಧ ಕೇಳಿಕೊಂಡು ಬಂದರು. ಒಣಕೆಮ್ಮು ಎಂದೊಡನೆ ಯಾರಿಗೂ ನೆನಪಾಗುವುದು ಜ್ಯೇಷ್ಠಮಧು. ಆದರೆ ಅದರಲ್ಲಿರುವ ಗ್ಲೈಸಿರೈಝಿನ್ ಎಂಬ ಸತ್ವ ಮೂತ್ರಪಿಂಡದಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನನ್ನು ನಿಷ್ಕ್ರಿಯಗೊಳಿಸುವ ಕಿಣ್ವವನ್ನು ತಡೆಯುತ್ತದೆ. ಆಗ ದೇಹ ಉಪ್ಪನ್ನು ಹಿಡಿದಿಟ್ಟುಕೊಂಡು ಪೊಟ್ಯಾಶಿಯಂ ಕಳೆದುಕೊಳ್ಳುತ್ತದೆ, ರಕ್ತದೊತ್ತಡ ಏರುತ್ತದೆ. ಅವರ ಚೀಟಿಯಲ್ಲಿ ರಕ್ತದೊತ್ತಡದ ಎರಡು ಮಾತ್ರೆಗಳಿದ್ದವು. ಒಂದು ಮೂತ್ರ ಹೆಚ್ಚಿಸುವಂಥದ್ದು, ಅದೂ ಪೊಟ್ಯಾಶಿಯಂ ಇಳಿಸುತ್ತದೆ. ಇನ್ನೊಂದು ಎನಲಾಪ್ರಿಲ್, ಒಣಕೆಮ್ಮು ಅದರದೇ ಪ್ರಸಿದ್ಧ ಅಡ್ಡಪರಿಣಾಮ. ಕೆಮ್ಮು ಯಾವಾಗ ಶುರುವಾಯಿತು, ಆ ಮಾತ್ರೆ ಯಾವಾಗ ಶುರುವಾಯಿತು ಎಂದು ಎರಡನ್ನೂ ಬರೆದುಕೊಂಡು ಮೇಲ್ವಿಚಾರಕರ ಮುಂದಿಟ್ಟೆ. ಅಂದು ಆ ಮಹಿಳೆಗೆ ಯಾವ ಮೂಲಿಕೆಯನ್ನೂ ಕೊಡಲಿಲ್ಲ. ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದೆಂದು ತಿಳಿಸಿ, ಅವರ ವೈದ್ಯರಿಗೆ ಪತ್ರ ಬರೆದುಕೊಟ್ಟೆವು. ವೈದ್ಯರು ಮಾತ್ರೆಯನ್ನು ಬದಲಿಸಿದ ಮೇಲೆ ಕೆಲವು ವಾರಗಳಲ್ಲಿ ಕೆಮ್ಮು ನಿಂತಿತು. ಅವರಿಗೆ ಆದ ಸಮಾಧಾನವನ್ನು ಕಂಡು ನನಗಾದ ಸಂತೋಷ ದೊಡ್ಡದು.

ಮೂಲಿಕೆ ಕೊಡುವಾಗಲೂ ಅದೇ ಶಿಸ್ತು ಬೇಕು. ವಯಸ್ಸಾದವರಿಗೆ ಕಡಿಮೆ ಪ್ರಮಾಣದಿಂದ ಆರಂಭಿಸುತ್ತೇನೆ. ಗರ್ಭಿಣಿಯರಿಗೆ ಸುರಕ್ಷಿತವೆಂದು ಸಾಕಷ್ಟು ಆಧಾರವಿಲ್ಲದ ಯಾವುದನ್ನೂ ಕೊಡುವುದಿಲ್ಲ. ಶಸ್ತ್ರಚಿಕಿತ್ಸೆ ನಿಗದಿಯಾಗಿದ್ದರೆ, ರಕ್ತಸ್ರಾವ ಹೆಚ್ಚಿಸಬಹುದಾದ ಗಿಂಕೋ ಮುಂತಾದ ಮೂಲಿಕೆಗಳನ್ನು ಮುಂಚಿತವಾಗಿಯೇ ನಿಲ್ಲಿಸಿ ಅರಿವಳಿಕೆ ವೈದ್ಯರಿಗೆ ತಿಳಿಸುವಂತೆ ಹೇಳುತ್ತೇನೆ. ಒಂದೇ ಭೇಟಿಯಲ್ಲಿ ಹಲವು ಬದಲಾವಣೆ ಮಾಡಿದರೆ ಯಾವುದರಿಂದ ಗುಣವಾಯಿತು, ಯಾವುದರಿಂದ ತೊಂದರೆಯಾಯಿತು ಎಂದು ತಿಳಿಯದು. ಆದ್ದರಿಂದ ಒಮ್ಮೆಗೆ ಒಂದನ್ನೇ ಬದಲಿಸಿ, ಮುಂದಿನ ಭೇಟಿಯಲ್ಲಿ ಅದೇ ಪ್ರಶ್ನೆಗಳನ್ನು ಅದೇ ಕ್ರಮದಲ್ಲಿ ಕೇಳುವುದನ್ನು ಅಲ್ಲಿ ಕಲಿತೆ. ಮೂಲಿಕೆಯ ಸಸ್ಯಶಾಸ್ತ್ರೀಯ ಹೆಸರು, ಬಳಸಿದ ಭಾಗ, ದ್ರಾವಕದ ಪ್ರಮಾಣ, ಬ್ಯಾಚ್ ಸಂಖ್ಯೆ ಇವಿಷ್ಟನ್ನು ಪ್ರತಿಯೊಬ್ಬ ರೋಗಿಯ ಕಡತದಲ್ಲಿ ಇಂದಿಗೂ ಬರೆಯುತ್ತೇನೆ. ಯಾರಿಗಾದರೂ ಕಣ್ಣು ಹಳದಿಯಾಯಿತು, ಮೈಯೆಲ್ಲ ದದ್ದು ಎದ್ದಿತು ಎಂದಾದರೆ, ಅದೇ ಬ್ಯಾಚ್ ಪಡೆದ ಉಳಿದವರಿಗೆ ಆ ದಿನವೇ ಕರೆ ಮಾಡಿ ನಿಲ್ಲಿಸಲು ಹೇಳುವುದಕ್ಕೆ ಆ ಬರಹ ಬೇಕಾಗುತ್ತದೆ.